ಗೆಳೆಯನಿಗೊಂದು ಪತ್ರ: ‘ತಂಡೇಲ್’ ನೋಡುವ ಮೊದಲು

ಗೆಳೆಯಾ,

‘ತಂಡೇಲ್’ ನೋಡ್ತೀನಿ ಅಂದೆಯಲ್ಲ, ತೆಲುಗಲ್ಲೇ ನೋಡು. ಡಬ್ಬಿಂಗಲ್ಲಿ ಆಂಧ್ರದ ಶ್ರೀಕಾಕುಳಂ ಮಾತಿನ ಉಪ್ಪೆಲ್ಲ ಹೋಗಿಬಿಡುತ್ತೆ. ಚಂದೂ ಮೊಂಡೇಟಿ ನಿರ್ದೇಶನ, 2025ರ ಫೆಬ್ರವರಿ 7ಕ್ಕೆ ಬಂದದ್ದು. ನಾಗ ಚೈತನ್ಯ–ಸಾಯಿ ಪಲ್ಲವಿ ಪ್ರೇಮಕಥೆ ಅಂತ ಎಲ್ಲರೂ ಹೇಳ್ತಾರೆ. ಇರಲಿ. ಆದರೆ ಹೆಸರಲ್ಲಿರೋ ಕೆಲಸ ಏನು ಅಂತ ತಿಳಿಯದಿದ್ದರೆ, ನಾಯಕಿ ಸತ್ಯ ಬೇಡ ಅಂದರೂ ನಾಯಕ ರಾಜು ಕಡಲಿಗೆ ಹೋಗೋದು ಬರೀ ಹಟದ ಹಾಗೆ ಕಾಣುತ್ತೆ.

ತಂಡೇಲ್ ಅಂದ್ರೆ ಬೋಟಿನ ಯಜಮಾನ ಅಲ್ಲ, ಬೋಟು ನಡೆಸೋನು. ಮಲ್ಪೆಯವರು ‘ತಾಂಡೇಲ’ ಅನ್ನೋದೂ ಇವನನ್ನೇ. ಕಾರವಾರದ ಕಡೆ ಅದು ಅಡ್ಡಹೆಸರೇ ಆಗಿದೆ. ಶ್ರೀಕಾಕುಳಂಗೆ ಉದ್ದನೆಯ ಕರಾವಳಿ ಇದೆ, ದೊಡ್ಡ ಬೋಟು ನಿಲ್ಲಿಸೋಕೆ ಬಂದರಿಲ್ಲ. ಅಲೆ ದಾಟಿ ಬಂದು ಮರಳಿಗೆ ಎಳೆದು ಹಾಕೋ ಸಣ್ಣ ದೋಣಿಗಳಷ್ಟೇ. ಹಾಗಾಗಿ ಪಶ್ಚಿಮ ಕರಾವಳಿಯ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುತ್ತಿದ್ದಂತೆ ಗಂಡಸರು ರೈಲು ಹತ್ತಿ ಗುಜರಾತಿನ ವೇರಾವಳಕ್ಕೆ ಹೋಗ್ತಾರೆ. ತಂಡೇಲ ಆಳು ಕೂಡಿಸೋದು ತನ್ನೂರಿಂದಲೇ. ಮಾಲೀಕ ಕೊಟ್ಟ ಮುಂಗಡ ಅವನ ಕೈಯಿಂದಲೇ ಮನೆಮನೆಗೆ ಹೋಗುತ್ತೆ. ಬೋಟಲ್ಲಿರೋ ಏಳೆಂಟು ಜನರಲ್ಲಿ ಒಬ್ಬ ಬಾಮೈದ, ಇನ್ನೊಬ್ಬ ಪಕ್ಕದ ಮನೆಯವನು. ಹೆಚ್ಚುಕಡಿಮೆ ಆದರೆ ಹೆಂಗಸರು ಬಂದು ಕೂರೋದು ವೇರಾವಳದ ಮಾಲೀಕನ ಬಾಗಿಲಲ್ಲಲ್ಲ, ಇವನ ಬಾಗಿಲಲ್ಲಿ. ನಿಷ್ಠೆ ಅಂತ ಸಿನಿಮಾದವರು ಹೇಳೋದರ ಬೇರು ಇಲ್ಲಿದೆ.

ಈಗ ಗಡಿಯ ಮಾತು. ಗುಜರಾತ್ ಮತ್ತು ಪಾಕಿಸ್ತಾನದ ನಡುವಿನ ಸರ್ ಕ್ರೀಕ್ ಅನ್ನೋ ಅಳಿವೆಯ ತಕರಾರು ಬಗೆಹರಿಯದ ಕಾರಣ ಅದರಾಚೆಯ ಕಡಲಿಗೆ ಎರಡೂ ದೇಶ ಒಪ್ಪಿದ ಗೆರೆಯೇ ಇಲ್ಲ. ಜಿಪಿಎಸ್ ಇದ್ದರೆ ಸಾಕಲ್ವಾ ಅಂತೀಯ. ಬೋಟಿನ ಹಿಂದೆ ಎಳೆಯೋ ಟ್ರಾಲ್ ಬಲೆ ಬಿಟ್ಟಾಗ ಬೋಟು ನಡೆಯೋದು ಎರಡು-ಮೂರು ನಾಟ್, ಅಂದ್ರೆ ಗಂಟೆಗೆ ನಾಲ್ಕೈದು ಕಿಲೋಮೀಟರ್. ನೀರು 50 ಮೀಟರ್ ಆಳ ಇದ್ದರೆ ಉಕ್ಕಿನ ಹಗ್ಗ 200 ಮೀಟರ್ ಮೇಲೇ ಬಿಟ್ಟಿರಬೇಕು, ಇಲ್ಲದಿದ್ದರೆ ಬಲೆಯ ಬಾಯಿ ತೆರೆಯೋ ಹಲಗೆಗಳು ತಳಕ್ಕೆ ಕೂರಲ್ಲ. ಆ ಹೊತ್ತಿಗೆ ಪಾಕಿಸ್ತಾನದ ಗಸ್ತಿನ ದೀಪ ಕಂಡಿತು ಅಂದುಕೋ. ಹಗ್ಗ ಎಳೆಯೋ ವಿಂಚ್ ಸುತ್ತಿ ಬಲೆ ಎತ್ತೋಕೆ ಹತ್ತು-ಹದಿನೈದು ನಿಮಿಷವಾದರೂ ಬೇಕು. ಹಗ್ಗ ಕಡಿದು ಓಡಿದರೆ ಬಲೆಯ ಬೆಲೆ ಲೆಕ್ಕಕ್ಕೆ ಬರುತ್ತೆ. ಎತ್ತುತ್ತಾ ನಿಂತರೆ ಎಲ್ಲರೂ ಸಿಕ್ಕಿಬೀಳ್ತಾರೆ. ಕಡಿದರೂ ಹಳೇ ಟ್ರಾಲರ್ ಓಡೋದು ಎಂಟು-ಒಂಬತ್ತು ನಾಟ್. ಗಾಳಿ ಎದ್ದು ಇಂಜಿನ್ ಕೈಕೊಟ್ಟರಂತೂ ಬೋಟು ಹರಿವಿನ ಪಾಲು. ‘ಕಡಿ’ ಅನ್ನೋ ಮಾತು ತಂಡೇಲನೊಬ್ಬನೇ ಹೇಳಬೇಕು. ಸಿನಿಮಾದಲ್ಲಿ ಬಿರುಗಾಳಿಯನ್ನೇನೋ ಜೋರಾಗಿ ತೋರಿಸಿದ್ದಾರೆ. ಈ ಹದಿನೈದು ನಿಮಿಷಕ್ಕೆ ಇನ್ನಷ್ಟು ಜಾಗ ಕೊಟ್ಟಿದ್ದರೆ ನನಗೆ ಇನ್ನೂ ಹಿಡಿಸ್ತಿತ್ತು.

ಕಥೆಗೆ ಮೂಲ 2018ರ ನವೆಂಬರ್‌ನದು. ಗುಜರಾತಿನಿಂದ ಹೊರಟ ಆಂಧ್ರದ ಮೀನುಗಾರರನ್ನು ಪಾಕಿಸ್ತಾನದ ಕಡಲ ಪಡೆ ಹಿಡಿದು ಕರಾಚಿ ಜೈಲಿಗೆ ಹಾಕಿತು. (ಮರುತಿಂಗಳೇ ಮಲ್ಪೆಯಿಂದ ಹೋದ ‘ಸುವರ್ಣ ತ್ರಿಭುಜ’ ಬೋಟು 7 ಮಂದಿಯೊಡನೆ ಕಾಣೆಯಾಯಿತು. ಕರಾವಳಿಗೆ ಅದು ಕೆಟ್ಟ ಚಳಿಗಾಲ.) 2008ರ ಒಪ್ಪಂದದಂತೆ ಜನವರಿ 1 ಮತ್ತು ಜುಲೈ 1ರಂದು ಎರಡು ದೇಶಗಳೂ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ತವೆ. ಪಟ್ಟಿಯಲ್ಲಿ ಹೆಸರು ಬಂದರೆ ಬಿಡುಗಡೆ ಅಂತಲ್ಲ. ಅವನು ಭಾರತದವನೇ ಅಂತ ಊರಿನ ದಾಖಲೆಯಿಂದ ಖಾತ್ರಿಯಾಗಬೇಕು. ತೆಲುಗಿನಲ್ಲಿ ಮನೆಹೆಸರು ಮೊದಲು ಬರುತ್ತೆ. ಅಲ್ಲಿ ಕಿವಿಗೆ ಬಿದ್ದ ಹಾಗೆ ಬರೆದುಕೊಂಡ ಹೆಸರು ಇಲ್ಲಿನ ರೇಷನ್ ಕಾರ್ಡಿಗೆ ತಾಳೆಯಾಗದಿದ್ದರೆ ಕಡತ ಅಲ್ಲೇ ಕೂರುತ್ತೆ.

ಜೈಲಿನ ಭಾಗ ನನಗೆ ಅಷ್ಟು ರುಚಿಸಲಿಲ್ಲ. ಬಾವುಟ, ಘೋಷಣೆ, ಹೊಡೆದಾಟ ಬಂದಾಗ ಮೀನುಗಾರ ಮರೆಯಾಗ್ತಾನೆ. ಊರಲ್ಲಿ ಉಳಿದ ಸತ್ಯಳ ಕಡೆ ಕ್ಯಾಮೆರಾ ತಿರುಗಿದಾಗ ಸಿನಿಮಾ ಮತ್ತೆ ಉಸಿರಾಡುತ್ತೆ. ಸಾಯಿ ಪಲ್ಲವಿಯ ಮನೆಮಾತು ಬಡಗ, ನಮ್ಮ ಕನ್ನಡಕ್ಕೆ ಒಡಹುಟ್ಟು. ಶ್ರೀಕಾಕುಳಂ ತೆಲುಗನ್ನು ಆಕೆ ಹಾಗೆ ಆಡೋದು ಕೇಳೋಕೇ ಒಂದು ಖುಷಿ. ರಾಜು ಆಕೆಯನ್ನು ಕರೆಯೋ ‘ಬುಜ್ಜಿ ತಲ್ಲಿ’ ಅಂದ್ರೆ ನಮ್ಮ ‘ಪುಟ್ಟಮ್ಮ’ ಅಂದುಕೋ.

ನಿಜವಾಗಿ 2018ರಲ್ಲಿ ಸಿಕ್ಕಿಬಿದ್ದವರ ಪೈಕಿ 20 ಮಂದಿ 2020ರ ಜನವರಿ 6ರಂದು ವಾಘಾ ದಾಟಿ ಬಂದರು. ಹೀಗೆ ಹಿಡಿದ ಬೋಟುಗಳು ಮಾತ್ರ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ಅದಕ್ಕೇ ಮುಂದಿನ ಆಗಸ್ಟಿಗೆ ಬೇರೆ ಮಾಲೀಕನ ಬೋಟು ಹುಡುಕಬೇಕು, ಮತ್ತೆ ಮುಂಗಡ ತಗೋಬೇಕು.

ನೋಡಿ ಬರಿ.

ನಿನ್ನ ಗೆಳೆಯ