ಕೇಸಿಂಗಿನ ಮೇಲಿನ ಅರ್ಧ

ಪುಟ್ಟೀ,

ನಿನ್ನೆ ನೀನು ಫೋನ್ ಇಟ್ಟ ಮೇಲೆ ನಾನು ಮೂರು ಸಲ ಮಾಡಿದೆ. ನೀನು ಎತ್ತಲಿಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಬಾಡಿಗೆಗೆ ಅಂತ ಇಟ್ಟಿದ್ದ ದುಡ್ಡನ್ನೆಲ್ಲ ಹರಾಜಿನಲ್ಲಿ ಒಂದು ಜೊತೆ ಹಳೇ ಬೈಕ್ ಸಿಲಿಂಡರಿಗೆ ಸುರಿದಿದ್ದೀಯ ಅಂತ ಕೇಳಿದ ತಕ್ಷಣ "ನಿನಗೆ ಬುದ್ಧಿ ಬರೋದು ಯಾವಾಗ" ಅಂದುಬಿಟ್ಟೆ. ಹಾಗೆ ಕೇಳುವ ಹಕ್ಕು ಈ ಮನೆಯಲ್ಲಿ ಯಾರಿಗೆ ಇದ್ದರೂ ನನಗಂತೂ ಇಲ್ಲ. ನಿಮ್ಮಪ್ಪನೂ ಅದನ್ನೇ ಹೇಳಿದರು, ನಗುತ್ತಾ. ಆ ನಗು ಇನ್ನೂ ಉರಿಯುತ್ತಿದೆ.

ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಾಯಿ ಬಿಟ್ಟರೆ ನಾನು ಜಗಳಗಂಟಿ. ಬರೆಯುವಾಗ ಸ್ವಲ್ಪ ಪರವಾಗಿಲ್ಲ.

ತಾತನ ಯಮಹಾ ಬೈಕಿನ ಕಥೆ ನಿನಗೆ ಹೇಳಬೇಕಾಗಿಲ್ಲ. ಯಾವ ಡಬ್ಬದಲ್ಲಿ ಏನಿದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೆ ಕೇಸಿಂಗಿನ ರಾತ್ರಿಯ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿಲ್ಲ. ಆಗ ನಿನಗೆ 9 ವರ್ಷ.

ಆರ್‌ಡಿ 350ರ ಕೇಸಿಂಗ್, ಅಂದರೆ ಎಂಜಿನ್ನಿನ ಹೊರಕವಚ, ಅಡ್ಡಕ್ಕೆ ಸೀಳಿದ್ದು. ಮೇಲೊಂದು ಭಾಗ, ಕೆಳಗೊಂದು ಭಾಗ. ಎರಡನ್ನೂ ಸೇರಿಸಿ ಬಿಗಿದ ಮೇಲೆಯೇ ಕ್ರ್ಯಾಂಕಿನ (ಒಳಗೆ ತಿರುಗುವ ದಂಡದ) ಬೇರಿಂಗ್ ಕೂರುವ ಜಾಗ ಕೊರೆದಿರುತ್ತಾರೆ. ಹುಟ್ಟುವಾಗಲೇ ಅವು ಜೋಡಿ. ಇದರ ಮೇಲ್ಭಾಗಕ್ಕೆ ಬೇರೆ ಎಂಜಿನ್ನಿನ ಕೆಳಭಾಗ ಹಾಕಿದರೆ ಬೋಲ್ಟೇನೋ ಕೂರುತ್ತದೆ, ಆದರೆ ಬೇರಿಂಗಿನ ಜಾಗ ಕೂದಲೆಳೆಯಷ್ಟು ಆಚೀಚೆ ಆದರೂ ಮುಗಿಯಿತು. 1973ರಲ್ಲಿ ಬಂದ ಗಾಡಿಗೆ ಹೊಸ ಕೇಸಿಂಗ್ ಎಲ್ಲಿಂದ ತರುವುದು? ಸಿಕ್ಕರೆ ಯಾರೋ ಬಿಚ್ಚಿ ಹಾಕಿದ ಗಾಡಿಯದ್ದೇ.

ಅಂಥದ್ದೊಂದನ್ನು ಮಾರುವವನು ಎರಡು ಭಾಗವನ್ನೂ ಬೇರೆ ಬೇರೆಯಾಗಿ ಆನ್‌ಲೈನ್ ಹರಾಜಿಗೆ ಇಟ್ಟಿದ್ದ. ತಿಳಿಯದೆ ಇಟ್ಟನೋ, ಜಾಸ್ತಿ ಗಿಟ್ಟಲಿ ಅಂತ ಇಟ್ಟನೋ. ಎರಡೂ ಒಂದೇ ರಾತ್ರಿ, 4 ನಿಮಿಷದ ಅಂತರದಲ್ಲಿ ಮುಗಿಯುವುದಿತ್ತು. ಮೇಲಿನದು ನಮಗೆ ಬಂತು. ನೀನು ಸ್ಟೂಲಿನ ಮೇಲೆ ನಿಂತು ಕುಣಿದೆ. ಆಮೇಲೆ ಕೂತು ಗಡಿಯಾರ ನೋಡತೊಡಗಿದೆ, ಅದು ನಿನ್ನ ಕೆಲಸ. ನಾನೇ ಕೊಟ್ಟಿದ್ದು. "ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು" ಅಂತ ಹರಾಜು ಕೂಗುವವರ ಹಾಗೆ ಜೋರಾಗಿ ಎಣಿಸುತ್ತಿದ್ದೆ. ಕೊನೆಯ ಗಳಿಗೆಯಲ್ಲಿ ಹಾಕಿದರೆ ಎದುರಿನವರಿಗೆ ಯೋಚಿಸಲು ಸಮಯ ಇರುವುದಿಲ್ಲ ಅನ್ನುವುದು ನನ್ನ ಲೆಕ್ಕ. 6 ಸೆಕೆಂಡ್ ಇದ್ದಾಗ ಒತ್ತಿದೆ. ನಿಮ್ಮ ಬಿಡ್ ಸಾಲದು ಅಂತ ಬಂತು. ಇನ್ನೊಂದು ಮೊತ್ತ ಹೊಡೆಯುವಾಗ ಬೆರಳು ತಪ್ಪಿತು. ನೀನು "ಒಂದು" ಅಂದೆ. ಆಮೇಲೆ ಮೆಲ್ಲಗೆ "ಮುಗೀತು" ಅಂದೆ.

"ನಿನ್ನ ಗಲಾಟೆಯಿಂದಲೇ ಹೋಯ್ತು" ಅಂತ ನಾನು ಕಿರುಚಿದೆ. ಇನ್ನೂ ಏನೇನೋ ಅಂದೆ. ನೀನು ಇಳಿದು, ಸ್ಟೂಲನ್ನು ಎತ್ತಿಕೊಂಡು ಹೋಗಿ ಅದರ ಜಾಗದಲ್ಲಿ ಇಟ್ಟು, ಮಲಗಲು ಹೋದೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆನೋ ಏನೋ. ನೀನು ಸ್ಟೂಲನ್ನು ಗೋಡೆಗೆ ಒತ್ತಿ ನೇರ ಮಾಡಿದೆ ನೋಡು, ಅದೇ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುವುದು.

ನಿನ್ನಿಂದ ಹೋಗಲಿಲ್ಲ ಕಣೇ. ಮರುದಿನ ಬೆಳಿಗ್ಗೆ ಬಿಡ್‌ಗಳ ಪಟ್ಟಿ ತೆಗೆದು ನೋಡಿದೆ. ಗೆದ್ದವರು ಎರಡು ದಿನ ಮುಂಚೆಯೇ ತಮ್ಮ ಕೊನೆಯ ಮೊತ್ತ ಹಾಕಿಟ್ಟಿದ್ದರು. ನಾನು ಒತ್ತಿದಾಗ ಅವರ ಪರವಾಗಿ ಕಂಪ್ಯೂಟರೇ ನನಗಿಂತ ಒಂದು ಮೆಟ್ಟಿಲು ಮೇಲೆ ಕೂಗಿತು. ಅವರು ಬಹುಶಃ ಗೊರಕೆ ಹೊಡೆಯುತ್ತಿದ್ದರು. 6 ಸೆಕೆಂಡ್ ಅಲ್ಲ, 6 ಗಂಟೆ ಮುಂಚೆ ಹಾಕಿದ್ದರೂ ನನ್ನ ಮೊತ್ತ ಸೋಲುವುದೇ. ಇದು ನನಗೆ ಮರುದಿನವೇ ಗೊತ್ತಾಯಿತು. ನಿನಗೆ ಹೇಳಲು 13 ವರ್ಷ ಬೇಕಾಯಿತು.

ಇನ್ನೊಂದು ಇದೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ಮೇಲ್ಭಾಗದ ಹರಾಜಿನಲ್ಲಿ ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತದ್ದು ಅದೇ ಮನುಷ್ಯರು. ಅಂದರೆ ಅವರ ಹತ್ತಿರ ಒಂದು ಅರ್ಧ, ನನ್ನ ಹತ್ತಿರ ಒಂದು ಅರ್ಧ. ಮಾರುವವನ ಮೂಲಕ ಅವರಿಗೆ ಬರೆದೆ, ನಿಮ್ಮದು ನನಗೆ ಕೊಡಿ ಅಂತ. ಇಲ್ಲದಿದ್ದರೆ ನನ್ನದನ್ನೇ ತೆಗೆದುಕೊಳ್ಳಿ ಅಂತಲೂ ಒಂದು ಸಾಲು ಬರೆದಿದ್ದೆ. ಕಳಿಸುವ ಮುಂಚೆ ಅದನ್ನು ಅಳಿಸಿದೆ. ಉತ್ತರ ಬರಲಿಲ್ಲ. ಆ ಸಾಲು ಇದ್ದಿದ್ದರೆ ಎಲ್ಲೋ ಒಂದು ಎಂಜಿನ್ನಾದರೂ ಸದ್ದು ಮಾಡುತ್ತಿತ್ತೋ ಏನೋ. ನನ್ನ ಅರ್ಧ ಇನ್ನೂ ಮಂಚದ ಕೆಳಗೆ ಹಳೇ ಬಟ್ಟೆ ಸುತ್ತಿಕೊಂಡು ಬಿದ್ದಿದೆ.

ಆ ರಾತ್ರಿಯ ನಂತರ ಹರಾಜಿನ ಹೊತ್ತಿಗೆ ನೀನು ನನ್ನ ಪಕ್ಕ ಕೂತಿಲ್ಲ. ಈಗ ನೀನೇ ಒಬ್ಬಳೇ ರಾತ್ರಿ ಕೂತು ಹಾಕುತ್ತೀಯ, ಗೆದ್ದು 4 ದಿನ ಆದ ಮೇಲೆ ಬಾಯಿತಪ್ಪಿ ಹೇಳುತ್ತೀಯ. ನಿಜ ಹೇಳಲಾ, ದುಡ್ಡಿಗಿಂತ ಅದೇ ಚುಚ್ಚಿದ್ದು.

ಬುದ್ಧಿ ಹೇಳಬಾರದು ಅಂತಲೇ ಕೂತಿದ್ದೆ. ಆದರೂ ಕೇಳು. 1961ರಲ್ಲಿ ವಿಲಿಯಂ ವಿಕ್ರಿ ಅನ್ನುವ ಅರ್ಥಶಾಸ್ತ್ರಜ್ಞರು ಬರೆದಿದ್ದರು: ಗೆದ್ದವರು ಎರಡನೆಯವರು ಹೇಳಿದ ಬೆಲೆಯನ್ನೇ ಕೊಡುವುದಾದರೆ, ಮನಸ್ಸಿನಲ್ಲಿರುವ ಬೆಲೆಯನ್ನು ಇದ್ದ ಹಾಗೆ ಹೇಳುವುದೇ ಲಾಭ. (ಅವರಿಗೆ 1996ರಲ್ಲಿ ನೊಬೆಲ್ ಸಿಕ್ಕಿತು, ಸುದ್ದಿ ಬಂದ ಮೂರೇ ದಿನಕ್ಕೆ ತೀರಿಕೊಂಡರು, ಪಾಪ.) ನಿನ್ನ ಕೊನೆಯ ಮೊತ್ತ ಹಾಕಿಟ್ಟರೆ ಅದರಷ್ಟಕ್ಕೆ ಏರುತ್ತಾ ಹೋಗುವ ಹರಾಜಿನ ಲೆಕ್ಕವೂ ಹೆಚ್ಚುಕಡಿಮೆ ಅದೇ. ಆದ್ದರಿಂದ ಮೊತ್ತವನ್ನು ಹಗಲು ಹೊತ್ತಿನಲ್ಲಿ, ತಲೆ ತಣ್ಣಗಿರುವಾಗ, ಚೀಟಿಯಲ್ಲಿ ಬರೆ. ಸಾಗಣೆ ಖರ್ಚು, ಸುಂಕ, ರೀಬೋರ್ (ಒಳಗನ್ನು ಕೊರೆಸಿ ಅಗಲ ಮಾಡಿಸುವುದು), ಎರಡು ಪಿಸ್ಟನ್, ರಿಂಗ್ ಎಲ್ಲ ಕಳೆ. ಉಳಿದದ್ದು ಸಿಲಿಂಡರಿನ ಬೆಲೆ. ರಾತ್ರಿ ಆ ಚೀಟಿಯನ್ನು ತಿದ್ದಬೇಡ. ಹಾಕುವುದನ್ನು ಕೊನೆಯಲ್ಲೇ ಹಾಕು ಬೇಕಾದರೆ, ಮುಂಚೆಯೇ ಹಾಕಿದರೆ ಸುಮ್ನೆ ಆಟಕ್ಕೆ ಏರಿಸುವವರು ಇದ್ದೇ ಇರುತ್ತಾರೆ. ಕೊನೆಯಲ್ಲಿ ಹಾಕುವುದು ಬೇರೆ, ಕೊನೆಯಲ್ಲಿ ಯೋಚಿಸುವುದು ಬೇರೆ.

1971ರಲ್ಲಿ ಒಂದು ತೈಲ ಕಂಪನಿಯ ಮೂವರು ಎಂಜಿನಿಯರ್‌ಗಳು ಇನ್ನೊಂದು ಮಾತು ಬರೆದರು. ನೆಲದಡಿ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲದ ಹರಾಜಿನಲ್ಲಿ ಗೆಲ್ಲುವವರು ಎಲ್ಲರಿಗಿಂತ ಜಾಸ್ತಿ ಅಂದಾಜು ಕಟ್ಟಿದವರು. ಅಂದರೆ ಎಲ್ಲರಿಗಿಂತ ಜಾಸ್ತಿ ತಪ್ಪಿರಬಹುದಾದವರು. ನಿನ್ನ ಸಿಲಿಂಡರಿಗೂ ಒಂದು ಮಸುಕು ಫೋಟೋ ನೋಡಿ 11 ಜನ ಬಿಡ್ ಹಾಕಿದ್ದಾರೆ. ಗೆದ್ದದ್ದು ನೀನು. ನನಗೆ ನಿದ್ದೆ ಹೇಗೆ ಬರಬೇಕು ಹೇಳು.

ನೋಡು, ಮತ್ತೆ ಶುರು ಮಾಡಿದೆ.

ನೀನು ಕಳಿಸಿದ್ದ ಸ್ಕ್ರೀನ್‌ಶಾಟ್ ಇವತ್ತು ಬೆಳಿಗ್ಗೆ ಸರಿಯಾಗಿ ಓದಿದೆ. ಪೋರ್ಟಿನ ಅಂಚು ಒಡೆದಿದೆಯಾ, ಫಿನ್‌ಗೆ ವೆಲ್ಡ್ ಹಾಕಿದ್ದೀರಾ, ಈಗಾಗಲೇ ಎಷ್ಟನೇ ಓವರ್‌ಸೈಜ್, ಸ್ಟಡ್‌ನ ಥ್ರೆಡ್ ಹೇಗಿದೆ ಅಂತೆಲ್ಲ ಮಾರುವವರನ್ನು ಕೇಳಿದ್ದೀಯ. ಥ್ರೆಡ್ಡಿನ ಪ್ರಶ್ನೆ ನನಗೆ ಹೊಳೆಯುತ್ತಿರಲಿಲ್ಲ. ಎರಡು ಸಲ ಓದಿದೆ. ನಿಮ್ಮಪ್ಪನಿಗೂ ಓದಿ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದರು.

ಪಾರ್ಸೆಲ್ ಬಂದಾಗ ಬಿಚ್ಚುವುದನ್ನು ಮೊದಲಿನಿಂದ ವಿಡಿಯೋ ಮಾಡು. ಒಡೆದಿದ್ದರೆ ಅದೇ ಸಾಕ್ಷಿ. ಬೋರ್ ಗೇಜಿನಲ್ಲಿ ಮೇಲೆ, ಮಧ್ಯ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ಅಳೆ. ಹೊಸ ಸಿಲಿಂಡರಿನ ಒಳಗಿನ ಅಗಲ 64 ಮಿಲಿಮೀಟರ್. ಅಲ್ಲಿಂದ 0.25ರಂತೆ ಏರಿ 65ಕ್ಕೆ ನಿಲ್ಲುತ್ತದೆ. ಒಂದು 64.25, ಇನ್ನೊಂದು 64.50 ಬಂದರೆ ಹೆದರಬೇಡ, ಚಿಕ್ಕದನ್ನು ದೊಡ್ಡದರ ಸೈಜಿಗೆ ಕೊರೆಸಬಹುದು. 65 ದಾಟಿದ್ದರೆ ಒಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸೋಣ. ಏನೇ ಬರಲಿ, ಅಳತೆ ನನಗೆ ಹೇಳು. ಬೈಯುವುದಿಲ್ಲ. ಬೈದರೂ ಫೋನ್ ಇಡಬೇಡ.

ಬಾಡಿಗೆ ದುಡ್ಡು ಕಳಿಸಿದ್ದೇನೆ. ಸಾಲ ಅಂತ ಬರೆದುಕೋ, ಇಲ್ಲದಿದ್ದರೆ ನಿನಗೂ ಸರಿ ಅನ್ನಿಸುವುದಿಲ್ಲ, ನನಗೂ ಅಭ್ಯಾಸ ಕೆಡುತ್ತದೆ.

ಕೊನೆಗೆ ಒಂದು ವಿಷಯ. ಶುಕ್ರವಾರ ರಾತ್ರಿ 11.40ಕ್ಕೆ ಒಂದು ಕೇಸಿಂಗಿನ ಹರಾಜು ಮುಗಿಯುತ್ತದೆ. ಎರಡೂ ಭಾಗ ಒಟ್ಟಿಗೇ ಇದೆ, ಬೋಲ್ಟ್ ಕೂಡ ಬಿಚ್ಚಿಲ್ಲ. ನೀನೂ ಅದನ್ನು ನೋಡಿಟ್ಟಿರುತ್ತೀಯ, ನನಗೆ ಗೊತ್ತು. ಇಬ್ಬರೂ ಹಾಕಿದರೆ ಅಮ್ಮ ಮಗಳು ಸೇರಿ ಒಬ್ಬರಿಗೊಬ್ಬರು ರೇಟ್ ಏರಿಸಿಕೊಂಡ ಹಾಗೆ ಆಗುತ್ತದೆ. ಆದ್ದರಿಂದ ಯಾರು ಹಾಕುವುದು ಅಂತ ಗುರುವಾರದೊಳಗೆ ಫೋನ್ ಮಾಡಿ ಹೇಳು. ನೀನೇ ಹಾಕುವುದಾದರೆ ಎಣಿಸಲು ನಾನು ಲೈನಿನಲ್ಲಿ ಇರುತ್ತೇನೆ.

ಅಮ್ಮ