ಪಾಯಿಂಟರ್‌ಗೆ ವಿಳಾಸ ಕೊಟ್ಟು ಪಾಠ ಶುರು ಮಾಡಿ

ಸಂಪಾದಕರೇ,

ಬೆಂಗಳೂರಿನ ಕಾಲೇಜುಗಳಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಮೇಷ್ಟ್ರುಗಳಿಗೆ ನಿಮ್ಮ ಪತ್ರಿಕೆ ಮೂಲಕ ಒಂದು ವಿನಂತಿ. ಪಾಯಿಂಟರ್ ಅಂದರೆ ಮೆಮೊರಿಯ ಒಂದು ಜಾಗದ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್; ಅದನ್ನು ಡಿಕ್ಲೇರ್ ಮಾಡಿದ ಸಾಲಿನಲ್ಲೇ ಅದಕ್ಕೆ ಬೆಲೆ (ವ್ಯಾಲ್ಯೂ) ಕೊಡುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಭಾನುವಾರ ನಮ್ಮ ಬಡಾವಣೆಯ ಮಕ್ಕಳಿಗೆ ಸಿ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬಳು ತಂದ ಲ್ಯಾಬ್ ರೆಕಾರ್ಡ್‌ನಲ್ಲಿ ಮೇನ್ ಫಂಕ್ಷನ್ ಒಳಗೆ 'ಇಂಟ್ *ಪಿ;' ಅಂತಿತ್ತು, ಅದರ ಕೆಳಗೇ '*ಪಿ = 10;'. ಪಕ್ಕದಲ್ಲಿ ಕೆಂಪು ಇಂಕಿನ ರೈಟ್ ಮಾರ್ಕು, ಸಹಿ! *ಪಿ ಅಂದರೆ ಪಿ ಒಳಗಿನ ವಿಳಾಸದಲ್ಲಿರುವ ಜಾಗ; ಆದರೆ ಪಿ ಒಳಗೆ ಆಗ ಇರುವುದು ಕಸ, ಆ 10 ಎಲ್ಲಿ ಹೋಗಿ ಕೂರುತ್ತದೋ ಯಾರಿಗೂ ಗೊತ್ತಿಲ್ಲ. "ಔಟ್‌ಪುಟ್ ಬಂತಲ್ವಾ ಅಂಕಲ್" ಅಂದಳು. ಬಂದಿರಬಹುದು. ಅವರ ಲ್ಯಾಬ್‌ನಲ್ಲಿ ಇನ್ನೂ ಟರ್ಬೋ ಸಿ ಎಂಬ ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರ್ ಓಡಿಸುವಂತೆ ಮಾಡುವ ಸಾಫ್ಟ್‌ವೇರ್) ಇದೆ, ಅದು ಹಳೆಯ ಆಪರೇಟಿಂಗ್ ಸಿಸ್ಟಂ ಡಾಸ್ ಕಾಲದ್ದು, ಡಾಸ್‌ನಲ್ಲಿ ಮೆಮೊರಿಗೆ ಕಾವಲೇ ಇರಲಿಲ್ಲ, ಎಲ್ಲಿ ಬರೆದರೂ ಕೇಳುವವರಿಲ್ಲ. ಅದೇ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಓಡಿಸಿದರೆ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಅಂತ ನಿಂತೇ ಹೋಯಿತು.

ಮಕ್ಕಳು ಜಾಸ್ತಿ ತಡವರಿಸುವುದು ನಕ್ಷತ್ರದ (*) ಹತ್ತಿರ. 'ಇಂಟ್ *ಪಿ = &ಎಕ್ಸ್;' ಅಂದಾಗ ಎಕ್ಸ್‌ನ ವಿಳಾಸ ಹೋಗುವುದು ಪಿ ಗೆ, *ಪಿ ಗೆ ಅಲ್ಲ. ಅಲ್ಲಿ ನಕ್ಷತ್ರ ಹೇಳುವುದು ಪಿ ಒಂದು ಪಾಯಿಂಟರ್ ಅಂತ, ಅಷ್ಟೇ. ಇದನ್ನೇ ಎರಡು ಸಾಲು ಮಾಡಿದರೆ ಎರಡನೆಯದು 'ಪಿ = &ಎಕ್ಸ್;' ಆಗಬೇಕು. ಹೇಳಿಕೊಡದಿದ್ದರೆ ಹತ್ತರಲ್ಲಿ ಎಂಟು ಮಕ್ಕಳು '*ಪಿ = &ಎಕ್ಸ್;' ಅಂತಲೇ ಬರೆಯುತ್ತಾರೆ, ಅವರದೇನೂ ತಪ್ಪಿಲ್ಲ. ಹಾಗೇ 'ಇಂಟ್* ಪಿ, ಕ್ಯೂ;' ಅಂದರೆ ಪಿ ಮಾತ್ರ ಪಾಯಿಂಟರ್, ಕ್ಯೂ ಬರೀ ಇಂಟ್.

ಕೊಡಲು ಸದ್ಯಕ್ಕೆ ವಿಳಾಸ ಇಲ್ಲವೇ? ನಲ್ ಕೊಡಿ, ಅಂದರೆ 'ಯಾವ ವಿಳಾಸವೂ ಇಲ್ಲ' ಅನ್ನುವ ಬೆಲೆ. ನಲ್ ಇದ್ದರೆ ಬಳಸುವ ಮುಂಚೆ ಒಂದು ಇಫ್ ಹಾಕಿ ನೋಡಬಹುದು, ಕಸದ ವಿಳಾಸವನ್ನು ಯಾವ ಇಫ್‌ನಿಂದಲೂ ಹಿಡಿಯಲಾಗುವುದಿಲ್ಲ. ಫಂಕ್ಷನ್‌ಗಳ ಹೊರಗೆ ಡಿಕ್ಲೇರ್ ಮಾಡಿದ ಗ್ಲೋಬಲ್ ಪಾಯಿಂಟರ್ ತಾನಾಗಿಯೇ ನಲ್ ಆಗಿರುತ್ತದೆ ನಿಜ, ಆದರೆ ಅದನ್ನು ನೋಡಿಕೊಂಡು ಫಂಕ್ಷನ್ ಒಳಗೂ ಸುಮ್ನೆ ಬಿಡುವ ಅಭ್ಯಾಸ ಬೇಡ.

ಜಿಸಿಸಿ ಕಂಪೈಲರ್‌ಗೆ ದುಡ್ಡು ಕೊಡಬೇಕಿಲ್ಲ. ಅದರಲ್ಲಿ 'ಡಬ್ಲ್ಯೂ ಆಲ್' (-Wall) ಆಪ್ಷನ್ ಹಾಕಿದರೆ ಆ ರೆಕಾರ್ಡ್‌ನಲ್ಲಿದ್ದಂಥ ಸಾಲಿಗೆ ಕಂಪೈಲರ್ ತಾನೇ ವಾರ್ನಿಂಗ್ ಕೊಡುತ್ತದೆ. ದಯವಿಟ್ಟು ಲ್ಯಾಬ್‌ಗಳಲ್ಲಿ ಅದನ್ನು ಹಾಕಿಸಿ, ವಾರ್ನಿಂಗ್ ಇರುವ ಪ್ರೋಗ್ರಾಂಗೆ ಸಹಿ ಹಾಕಬೇಡಿ.

— ಒಬ್ಬ ಓದುಗ, ಬನಶಂಕರಿ, ಬೆಂಗಳೂರು