ಹೂವರ್ ಕೈಕಟ್ಟಿ ಕುಳಿತಿರಲಿಲ್ಲ: ಗೆಳೆಯನಿಗೊಂದು ಪತ್ರ

ಪ್ರಿಯ ಶ್ರೀಕಂಠ,

ನಿನ್ನ ಪತ್ರ ತಲುಪಿತು. 1929ರಲ್ಲಿ ಶೇರುಪೇಟೆ ಕುಸಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ಕೈಕಟ್ಟಿ ಕುಳಿತರು, ಆಮೇಲೆ ಬಂದ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ದೇಶವನ್ನು ಎತ್ತಿ ನಿಲ್ಲಿಸಿದರು ಎಂದು ನೀನು ಎರಡೇ ಸಾಲಿನಲ್ಲಿ ತೀರ್ಪು ಬರೆದಿದ್ದೀಯ. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದು, ಸಾಲದ ಅರ್ಜಿಯನ್ನು ಮೂರು ಸಲ ಓದದೆ ಸಹಿ ಹಾಕದವನು ಇಷ್ಟು ಅವಸರದ ತೀರ್ಪು ಕೊಡಬಹುದೆಂದು ನಾನು ಎಣಿಸಿರಲಿಲ್ಲ. ನಾನೂ ಮೊದಲು ಹಾಗೆಯೇ ನಂಬಿದ್ದೆ. ಕಳೆದ ವರ್ಷ ವಾಷಿಂಗ್ಟನ್ನಿನಲ್ಲಿ ರೂಸ್‌ವೆಲ್ಟರ ಸ್ಮಾರಕವನ್ನು ನೋಡಿ ಬಂದ ಮೇಲೆ ಓದಿದ್ದು ನನ್ನ ಅಭಿಪ್ರಾಯವನ್ನು ಬದಲಿಸಿತು.

ಆ ಸ್ಮಾರಕದೊಳಗೆ ಒಂದು ಇಟ್ಟಿಗೆ ಗೋಡೆ, ಅದರಲ್ಲೊಂದು ಮುಚ್ಚಿದ ಬಾಗಿಲು, ಬಾಗಿಲ ಮುಂದೆ ಬ್ರೆಡ್ಡಿಗಾಗಿ ಸಾಲುಗಟ್ಟಿ ನಿಂತ ಐವರು ಗಂಡಸರ ಕಂಚಿನ ಪ್ರತಿಮೆಗಳಿವೆ. ಕೋಟು, ಹ್ಯಾಟು ಎಲ್ಲವೂ ಉಂಟು, ಇಲ್ಲದಿರುವುದು ಕೆಲಸ. ನೋಡಲು ಬಂದವರು ಅವರ ಹಿಂದೆ ಆರನೆಯವರಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ನಿಲ್ಲಲಿಲ್ಲ, ಏಕೋ ಸಂಕೋಚವಾಯಿತು. ಸಮೀಪದಲ್ಲಿಯೇ ಕುರ್ಚಿಯೊಂದರಲ್ಲಿ ಕುಳಿತು ರೇಡಿಯೊದ ಕಡೆಗೆ ಬಾಗಿ ಕಿವಿಗೊಟ್ಟ ಒಬ್ಬನ ಪ್ರತಿಮೆಯಿದೆ. ಆ ಸಾಲಿಗೂ ಈ ರೇಡಿಯೊಗೂ ನಡುವೆ ಏನಾಯಿತು ಎಂಬುದೇ ನಾನು ನಿನಗೆ ಹೇಳಬೇಕಾದ ವಿಷಯ.

ಹೂವರ್ ಕಲ್ಲೆದೆಯ ಮನುಷ್ಯರಾಗಿರಲಿಲ್ಲ. ಅಯೋವಾ ರಾಜ್ಯದ ವೆಸ್ಟ್ ಬ್ರಾಂಚ್ ಎಂಬ ಊರಿನ ಎರಡು ಕೋಣೆಯ ಮನೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆ ತಾಯಿಯನ್ನು ಕಳೆದುಕೊಂಡು, ಗಣಿ ಎಂಜಿನಿಯರಾಗಿ ಹಣ ಸಂಪಾದಿಸಿದ ಅವರು ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನ ಲಕ್ಷಾಂತರ ಜನರಿಗೆ ಅನ್ನ ಮುಟ್ಟಿಸಿ ಹೆಸರಾದವರು. ಕುಸಿತದ ಮರುತಿಂಗಳೇ ದೊಡ್ಡ ಉದ್ಯಮಿಗಳನ್ನು ಶ್ವೇತಭವನಕ್ಕೆ ಕರೆಸಿ ಕೂಲಿ ಕಡಿತ ಮಾಡಬೇಡಿ ಎಂದು ಕೇಳಿಕೊಂಡರು. ಎಲ್ಲವೂ ತಾನಾಗಿಯೇ ಕುಸಿದು ತಾನಾಗಿಯೇ ಸರಿಹೋಗಲಿ ಎಂಬುದು ಅವರ ಖಜಾನೆ ಕಾರ್ಯದರ್ಶಿ ಆಂಡ್ರ್ಯೂ ಮೆಲನ್ ಅವರ ನಿಲುವಾಗಿತ್ತು; ಹೂವರ್ ಅದನ್ನು ಒಪ್ಪಲಿಲ್ಲ. ಆದರೆ 1930ರ ಜೂನ್‌ನಲ್ಲಿ, ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದು ಬರೆದುಕೊಟ್ಟರೂ, ಆಮದು ಸುಂಕ ಹೆಚ್ಚಿಸುವ ಸ್ಮೂಟ್-ಹಾಲಿ ಮಸೂದೆಗೆ ಸಹಿ ಹಾಕಿದರು. ಬೇರೆ ದೇಶಗಳೂ ಸುಂಕ ಏರಿಸಿದವು, ವ್ಯಾಪಾರ ಇನ್ನಷ್ಟು ಸೊರಗಿತು.

ನಿನಗೆ ರುಚಿಸಬೇಕಾದ ಭಾಗ ಇನ್ನು ಮುಂದಿನದು. 1932ರ ಜನವರಿಯಲ್ಲಿ ಹೂವರ್ ಸರ್ಕಾರ 50 ಕೋಟಿ ಡಾಲರ್ ಬಂಡವಾಳದಿಂದ ರೀಕನ್‌ಸ್ಟ್ರಕ್ಷನ್ ಫೈನಾನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಆರಂಭಿಸಿತು. ಮುಳುಗುತ್ತಿದ್ದ ಬ್ಯಾಂಕು, ರೈಲ್ವೆ, ವಿಮಾ ಕಂಪನಿಗಳಿಗೆ ಸಾಲ ಕೊಡುವುದು ಅದರ ಕೆಲಸ. ಅಂಥ ಕೆಲಸವನ್ನು ಶಾಂತಿಕಾಲದಲ್ಲಿ ಅದುವರೆಗೆ ಯಾವ ಅಧ್ಯಕ್ಷರೂ ಆ ಪ್ರಮಾಣದಲ್ಲಿ ಮಾಡಿರಲಿಲ್ಲ. ಆದರೆ ಸಾಲ ಕೊಡುವಾಗ ಬ್ಯಾಂಕಿನ ಒಳ್ಳೆಯ ಆಸ್ತಿಗಳನ್ನೇ ಅದು ಅಡಮಾನಕ್ಕೆ ತೆಗೆದುಕೊಳ್ಳುತ್ತಿತ್ತು. ಠೇವಣಿದಾರನ ಪಾಲಿಗೆ ಉಳಿಯುತ್ತಿದ್ದುದು ಜೊಳ್ಳು. ಜೂನ್‌ನಲ್ಲಿ ಆ ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ಡಾಸ್ ರಾಜೀನಾಮೆ ಕೊಟ್ಟು ಷಿಕಾಗೊಗೆ ಮರಳಿದರು. ಕೆಲವೇ ವಾರಗಳಲ್ಲಿ ಅವರ ಸ್ವಂತ ಬ್ಯಾಂಕಿಗೆ 9 ಕೋಟಿ ಡಾಲರ್ ಸಾಲ ಮಂಜೂರಾಯಿತು. ನಿರುದ್ಯೋಗಿಗೆ ನೇರವಾಗಿ ಹಣ ಕೊಟ್ಟರೆ ಅವನ ಸ್ವಾಭಿಮಾನ ಕೆಡುತ್ತದೆ, ಅದು ಊರಿನವರ, ಧರ್ಮಸಂಸ್ಥೆಗಳ, ರಾಜ್ಯಗಳ ಹೊಣೆ ಎನ್ನುತ್ತಿದ್ದ ಸರ್ಕಾರವೇ ಒಂದು ಬ್ಯಾಂಕಿಗೆ ಅಷ್ಟು ಕೊಟ್ಟಿತೆಂದರೆ ಜನ ಏನೆಂದುಕೊಂಡಾರು? ಆ ಬ್ಯಾಂಕು ಮುಳುಗಿದ್ದರೆ ಷಿಕಾಗೊ ನಗರದ ಉಳಿದ ಬ್ಯಾಂಕುಗಳೂ ಹೋಗುತ್ತಿದ್ದವೇನೋ. ಆದರೆ ಆ ಮಾತನ್ನು ಜನರಿಗೆ ತಿಳಿಯುವ ಹಾಗೆ ಹೇಳುವ ಕಲೆ ಹೂವರ್ ಅವರಿಗೆ ಒಲಿದಿರಲಿಲ್ಲ. ಮನೆ ಕಳೆದುಕೊಂಡವರು ತಗಡು, ರಟ್ಟುಗಳಿಂದ ಕಟ್ಟಿಕೊಂಡ ಗುಡಿಸಲುಗಳ ಕೇರಿಗೆ ‘ಹೂವರ್‌ವಿಲ್’ ಎಂದೂ, ಹೊದ್ದುಕೊಂಡ ಹಳೆಯ ದಿನಪತ್ರಿಕೆಗೆ ‘ಹೂವರ್ ಕಂಬಳಿ’ ಎಂದೂ ಹೆಸರಾಯಿತು. ಆ ಜುಲೈನಲ್ಲಿ, ತಮಗೆ 1945ರಲ್ಲಿ ಸಲ್ಲಬೇಕಿದ್ದ ಬೋನಸ್ಸನ್ನು ಈಗಲೇ ಕೊಡಿ ಎಂದು ರಾಜಧಾನಿಗೆ ಬಂದಿದ್ದ ಮೊದಲ ಮಹಾಯುದ್ಧದ ಮಾಜಿ ಸೈನಿಕರನ್ನು ಜನರಲ್ ಮೆಕಾರ್ಥರ್ ಅವರ ಸೇನೆ ಅಶ್ರುವಾಯು ಸಿಡಿಸಿ ಓಡಿಸಿತು, ಅವರ ಬಿಡಾರಗಳು ಸುಟ್ಟುಹೋದವು. ಆ ವರ್ಷದ ಅಧ್ಯಕ್ಷ ಚುನಾವಣೆಯ ಫಲಿತಾಂಶ ಅಂದೇ ನಿರ್ಧಾರವಾಯಿತು ಎಂದರೂ ತಪ್ಪಿಲ್ಲ.

ಹಾಗಾದರೆ ರೂಸ್‌ವೆಲ್ಟ್ ಬೇರೆಯ ಅರ್ಥಶಾಸ್ತ್ರವನ್ನು ಹೊತ್ತು ತಂದರೇ? ಇಲ್ಲ. ಪ್ರಚಾರದಲ್ಲಿ ಅವರು ಹೂವರ್ ಅತಿಯಾಗಿ ಖರ್ಚು ಮಾಡಿದ್ದಾರೆಂದು ದೂರಿದ್ದರು, ಸರ್ಕಾರದ ವೆಚ್ಚವನ್ನು ಶೇಕಡಾ 25ರಷ್ಟು ಇಳಿಸುವೆನೆಂದಿದ್ದರು. ಗೆದ್ದದ್ದು ನವೆಂಬರ್‌ನಲ್ಲಿ, ಅಧಿಕಾರ ಸ್ವೀಕಾರ ಮಾರ್ಚ್ 4ಕ್ಕೆ. ನಡುವಿನ ನಾಲ್ಕು ತಿಂಗಳಲ್ಲಿ ದೇಶಕ್ಕೆ ಯಜಮಾನನೇ ಇಲ್ಲದಂತಾಯಿತು. ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯದ ಬ್ಯಾಂಕುಗಳನ್ನೆಲ್ಲ ಮುಚ್ಚಿದಾಗ ಹೂವರ್ ಅವರು ರೂಸ್‌ವೆಲ್ಟರಿಗೆ ಸ್ವಹಸ್ತಾಕ್ಷರದಲ್ಲಿ ಪತ್ರ ಬರೆದು, ಮುಂಗಡಪತ್ರ ಮತ್ತು ನಾಣ್ಯದ ಬಗ್ಗೆ ಭರವಸೆಯ ಹೇಳಿಕೆ ಕೊಡಬೇಕೆಂದು ಕೇಳಿದರು. ಅಂಥ ಹೇಳಿಕೆ ಕೊಟ್ಟರೆ ರೂಸ್‌ವೆಲ್ಟ್ ತಮ್ಮ ಹೊಸ ಕಾರ್ಯಕ್ರಮದ ಬಹುಪಾಲನ್ನು ಬಿಟ್ಟುಕೊಟ್ಟಂತೆಯೇ ಎಂದು ಹೂವರ್ ಒಬ್ಬ ಸೆನೆಟರಿಗೆ ತಾವೇ ಬರೆದಿದ್ದರು. ರೂಸ್‌ವೆಲ್ಟರೂ ಕಡಿಮೆಯವರಲ್ಲ, ಅಧಿಕಾರವಿಲ್ಲದೆ ಹೊಣೆ ಹೊರಲು ಒಪ್ಪದೆ ದೂರವೇ ಉಳಿದರು. ಇಬ್ಬರ ಈ ಜಿದ್ದಿನ ನಡುವೆ ಸಿಕ್ಕಿಬಿದ್ದವನು ನಿನ್ನ ಠೇವಣಿದಾರ. ಪ್ರಮಾಣವಚನದ ಬೆಳಿಗ್ಗೆ ನ್ಯೂಯಾರ್ಕ್, ಇಲಿನಾಯ್ ರಾಜ್ಯಗಳ ಬ್ಯಾಂಕುಗಳೂ ಬಾಗಿಲು ಹಾಕಿದವು.

ಆಮೇಲಿನ ಎಂಟು ದಿನಗಳನ್ನು ನೋಡು. 1917ರ ಯುದ್ಧಕಾಲದ ಕಾನೂನೊಂದನ್ನು ಬಳಸಿ ಬ್ಯಾಂಕುಗಳನ್ನೆಲ್ಲ ಮುಚ್ಚಿಸಬಹುದೇ ಎಂದು ಹೂವರ್ ಸಹ ಯೋಚಿಸಿ, ಅದರ ಸಿಂಧುತ್ವದ ಅನುಮಾನದಿಂದ ಹಿಂಜರಿದಿದ್ದರು. ರೂಸ್‌ವೆಲ್ಟ್ ಅದನ್ನೇ ಹಿಡಿದು ಮಾರ್ಚ್ 6ರಿಂದ ದೇಶಕ್ಕೆಲ್ಲ ಬ್ಯಾಂಕ್ ರಜೆ ಘೋಷಿಸಿದರು. ಮಾರ್ಚ್ 9ರಂದು ಒಂದೇ ದಿನದಲ್ಲಿ ಅಂಗೀಕಾರವಾದ ತುರ್ತು ಬ್ಯಾಂಕಿಂಗ್ ಕಾಯಿದೆಯ ಕರಡನ್ನು ಸಿದ್ಧಪಡಿಸುವಲ್ಲಿ ದೊಡ್ಡ ಪಾಲು ಹೂವರರ ಖಜಾನೆಯ ಅಧಿಕಾರಿಗಳದ್ದೇ ಆಗಿತ್ತು. ಔಷಧ ಅಂಗಡಿಯಲ್ಲಿ ಮೊದಲೇ ಇತ್ತು ಎನ್ನಬಹುದು. ಮಾರ್ಚ್ 12ರ ಭಾನುವಾರ ರಾತ್ರಿ ರೂಸ್‌ವೆಲ್ಟ್ ರೇಡಿಯೊದಲ್ಲಿ ಮಾತನಾಡಿದರು. ನೀವು ಬ್ಯಾಂಕಿನಲ್ಲಿಟ್ಟ ಹಣವನ್ನು ಅವರು ತಿಜೋರಿಯಲ್ಲಿಟ್ಟು ಕಾಯುವುದಿಲ್ಲ, ಅದು ಸಾಲಪತ್ರಗಳಲ್ಲಿ, ಅಡಮಾನಗಳಲ್ಲಿ ದುಡಿಯುತ್ತಿರುತ್ತದೆ, ಎಲ್ಲರೂ ಒಮ್ಮೆಗೇ ಕೇಳಿದರೆ ಎಷ್ಟು ಗಟ್ಟಿ ಬ್ಯಾಂಕಿನಲ್ಲಿಯೂ ಅಷ್ಟು ನಗದು ಇರುವುದಿಲ್ಲ ಎಂದು ಶುರುಮಾಡಿ, ನಾಳೆ ಯಾವ ಊರುಗಳ ಬ್ಯಾಂಕು ತೆರೆಯುತ್ತವೆ, ನಾಡಿದ್ದು ಯಾವುವು ಎಂದು ವಿವರಿಸಿ, ಹಾಸಿಗೆಯ ಕೆಳಗಿಡುವುದಕ್ಕಿಂತ ಮತ್ತೆ ತೆರೆದ ಬ್ಯಾಂಕಿನಲ್ಲಿಡುವುದೇ ಕ್ಷೇಮ ಎಂದರು. ಮರುದಿನ ಜನ ಮತ್ತೆ ಸಾಲುಗಟ್ಟಿ ನಿಂತರು, ಈ ಬಾರಿ ಹಣ ಕಟ್ಟುವುದಕ್ಕೆ. ಪ್ರತಿಮೆಯ ಮನುಷ್ಯ ಕಿವಿಗೊಟ್ಟು ಕೇಳುತ್ತಿರುವುದು ಇಂಥ ಮಾತನ್ನೇ.

ಆದರೂ ರೂಸ್‌ವೆಲ್ಟರನ್ನು ದೇವರ ಪೀಠದಲ್ಲಿ ಕೂರಿಸಬೇಡ. ಅದೇ ತಿಂಗಳು ಅವರು ಮಾಜಿ ಸೈನಿಕರ ಭತ್ಯೆಯನ್ನೂ ಸರ್ಕಾರಿ ನೌಕರರ ಸಂಬಳವನ್ನೂ ಕತ್ತರಿಸಿದರು. ಬೆಲೆ ಏರಲಿ ಎಂದು, ಜನ ಹಸಿದಿದ್ದಾಗಲೇ, 60 ಲಕ್ಷ ಹಂದಿಗಳನ್ನು ಕೊಲ್ಲಿಸಿದರು. ಆ ನವೆಂಬರ್‌ನಲ್ಲಿ ಬೆಳಿಗ್ಗೆ ಹಾಸಿಗೆಯಲ್ಲಿ ಕುಳಿತೇ ಚಿನ್ನದ ಬೆಲೆ ನಿಗದಿ ಮಾಡುತ್ತಿದ್ದಾಗ, ಒಂದು ದಿನ 21 ಸೆಂಟ್ ಏರಿಸಿ, ಮೂರೇಳಲೆ ಇಪ್ಪತ್ತೊಂದು, ಅದೃಷ್ಟದ ಸಂಖ್ಯೆ ಎಂದರಂತೆ! ಸಾಮಾಜಿಕ ಭದ್ರತೆಯ 1935ರ ಕಾಯಿದೆಯ ಪಿಂಚಣಿಯಿಂದ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಕಪ್ಪು ಜನರಲ್ಲಿ ಬಹಳ ಮಂದಿ ಆ ಎರಡು ಕೆಲಸಗಳಲ್ಲಿಯೇ ಇದ್ದರು. 1937ರಲ್ಲಿ ಮುಂಗಡಪತ್ರವನ್ನು ಸರಿದೂಗಿಸುವ ಹಟಕ್ಕೆ ಬಿದ್ದು ಖರ್ಚು ಇಳಿಸಿದಾಗ ನಿರುದ್ಯೋಗ ಮತ್ತೆ ಏರಿತು. ಆದರೆ ಠೇವಣಿಗೆ ವಿಮೆ, ಕೆಲಸವಿಲ್ಲದವರಿಗೆ ಸರ್ಕಾರದಿಂದಲೇ ಕೆಲಸ ಎಂಬ ಎರಡು ವಿಷಯಗಳಲ್ಲಿ ಹೂವರ್ ದಾಟಲಾರದ ಗೆರೆಯನ್ನು ಅವರು ದಾಟಿದರು. 1933ರ ಮೇ ತಿಂಗಳಲ್ಲಿ ಮಾಜಿ ಸೈನಿಕರು ಮತ್ತೆ ರಾಜಧಾನಿಗೆ ಬಂದಾಗ ಬೋನಸ್ ಕೊಡಲು ಅವರೂ ಒಪ್ಪಲಿಲ್ಲ, ನಿಜ. ಆದರೆ ಕಾಫಿ, ಊಟದ ವ್ಯವಸ್ಥೆ ಮಾಡಿಸಿದರು. ಪತ್ನಿ ಎಲಿನರ್ ಕೆಸರಿನಲ್ಲಿ ನಡೆದು ಹೋಗಿ ಅವರ ಜೊತೆ ಹಾಡಿ ಬಂದರು. ಬಯಸಿದವರಿಗೆ ಅರಣ್ಯ ಕೆಲಸದ ಶಿಬಿರಗಳಲ್ಲಿ ಸ್ಥಾನ ದೊರೆಯಿತು.

ಇನ್ನೊಂದು ಸಂಗತಿ ನಿನಗೆ ತಿಳಿದಿರಲಾರದು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಅವರು ಜಗತ್ತಿನ ಆಹಾರದ ಕೊರತೆಯನ್ನು ಅಳೆದು ಬರಲು ವೃದ್ಧ ಹೂವರರನ್ನೇ ಕಳುಹಿಸಿದರು. ಆ ಸುತ್ತಿನಲ್ಲಿ ಅವರು ಭಾರತಕ್ಕೂ ಬಂದಿದ್ದರು.

ಬಿಡುವಾದಾಗ ಒಂದು ಪ್ರಶ್ನೆಗೆ ಉತ್ತರಿಸು. ಷಿಕಾಗೊದ ಆ 9 ಕೋಟಿ ಡಾಲರ್‌ನ ಅರ್ಜಿ ನಿನ್ನ ಮೇಜಿನ ಮೇಲೆ ಬಂದಿದ್ದರೆ, ಹೊರಗೆ ಠೇವಣಿದಾರರು ರಸ್ತೆಯ ತಿರುವಿನವರೆಗೆ ನಿಂತಿದ್ದರೆ, ನೀನು ಸಹಿ ಹಾಕುತ್ತಿದ್ದೆಯಾ?

ಇಂತಿ ನಿನ್ನ,
ಹಳೆಯ ಸಹಪಾಠಿ